ಪಿಲಾಟೀಸ್ ಕಲಿಸುವವರ ಸರ್ಟಿಫಿಕೇಟನ್ನು ಓದುವುದು ಹೇಗೆ?

ಗೋಡೆಯ ಮೇಲೆ ಐದು ಸರ್ಟಿಫಿಕೇಟುಗಳಿಗೆ ಫ್ರೇಮ್ ಹಾಕಿಸಿ ತೂಗುಬಿಟ್ಟಿದ್ದರು. ಚಿನ್ನದ ಬಣ್ಣದ ಮೊಹರು, ಕೆಳಗೆ ಯಾರದೋ ಸೊಟ್ಟ ಸಹಿ. ಸೊಂಟನೋವು ಕಮ್ಮಿಯಾದ ಮೇಲೆ ಪಿಲಾಟೀಸ್ ಅನ್ನುವ ವ್ಯಾಯಾಮ ಶುರು ಮಾಡಿ ಅಂತ ಫಿಸಿಯೋ ಹೇಳಿದ್ದರು. ಹಾಗಾಗಿ ಬೆಂಗಳೂರಿನಲ್ಲಿ ನಮ್ಮ ಮನೆಗೆ ಹತ್ತಿರವಿದ್ದ ಒಂದು ಸ್ಟುಡಿಯೋಗೆ ಹೋಗಿದ್ದೆ. ಐದು ಫ್ರೇಮ್ ನೋಡಿ ಧೈರ್ಯ ಬಂತು. ಮೂರು ತಿಂಗಳ ಫೀಸು ಒಟ್ಟಿಗೇ ಕಟ್ಟಿಬಿಟ್ಟೆ. ಮೊದಲ ಕ್ಲಾಸಿನಲ್ಲಿ ಹತ್ತು ಜನ, ಹತ್ತು ರಿಫಾರ್ಮರ್, ಅಂದರೆ ಸ್ಪ್ರಿಂಗ್ ಹಾಕಿದ ಮಂಚದಂಥ ಯಂತ್ರ. ಸೊಂಟದ ವಿಷಯ ಯಾರೂ ಕೇಳಲಿಲ್ಲ. ನಾನೇ ಬಾಯಿಬಿಟ್ಟು ಹೇಳಿದಾಗ, 'ಪರವಾಗಿಲ್ಲ ಮೇಡಂ, ನಿಮಗೆ ಆದಷ್ಟು ಮಾಡಿ' ಅಂದರು. ನಾಲ್ಕನೇ ಕ್ಲಾಸು ಮುಗಿಯುವ ಹೊತ್ತಿಗೆ ಮತ್ತೆ ಫಿಸಿಯೋ ಬಾಗಿಲಲ್ಲಿ ನಿಂತಿದ್ದೆ.

ಉಳಿದ ಫೀಸು ವಾಪಸ್ ಕೇಳಲು ಹೋದಾಗ ಅರ್ಧ ಗಂಟೆ ಕಾಯಿಸಿದರು. ಮಾಡಲು ಬೇರೇನೂ ಕೆಲಸ ಇಲ್ಲದೆ ಆ ಫ್ರೇಮುಗಳನ್ನು ಓದಿದೆ. ಒಂದು, ಎರಡು ದಿನದ ಮ್ಯಾಟ್ (ಚಾಪೆಯ ಮೇಲೆ ಮಾಡುವ ಪಿಲಾಟೀಸ್) ವರ್ಕ್‌ಶಾಪಿನದು. ಇನ್ನೊಂದು ಜುಂಬಾದ್ದು. ಮೂರನೆಯದು 200 ಗಂಟೆಯ ಯೋಗ ತರಬೇತಿ. ನಾಲ್ಕನೆಯದು ಆಹಾರ ಪಥ್ಯದ ಆನ್‌ಲೈನ್ ಕೋರ್ಸು. ಐದನೆಯದು ಓಟದ ಸ್ಪರ್ಧೆ ಮುಗಿಸಿದ್ದಕ್ಕೆ ಕೊಟ್ಟದ್ದು! ನಾನು ನಾಲ್ಕು ದಿನ ಮಲಗಿ ಎದ್ದ ಆ ರಿಫಾರ್ಮರ್ ಯಂತ್ರದ ಬಗ್ಗೆ ಒಂದೂ ಇರಲಿಲ್ಲ. ಅವರು ಸುಳ್ಳು ಹೇಳಿರಲಿಲ್ಲ. ನಾನು ಓದಿರಲಿಲ್ಲ, ಅಷ್ಟೇ.

ಬದನೆಕಾಯಿ ಕೊಳ್ಳುವಾಗ ತಿರುಗಿಸಿ ತಿರುಗಿಸಿ ಹುಳುಕು ಹುಡುಕುವ ನಾವು, ಬೆನ್ನುಮೂಳೆಯನ್ನು ಒಪ್ಪಿಸುವಾಗ ಮಾತ್ರ ಫ್ರೇಮ್ ನೋಡಿ ತೃಪ್ತರಾಗುತ್ತೇವೆ. ಆಮೇಲೆ ಈ ಸರ್ಟಿಫಿಕೇಟುಗಳ ಲೋಕವನ್ನು ಸ್ವಲ್ಪ ಕೆದಕಿ ನೋಡಿದೆ. ಹೊರಗಿನಿಂದ ಗೊಂದಲದ ಸಂತೆ. ಆದರೆ ಅದು ಹೀಗೇಕಾಯಿತು ಅನ್ನುವುದು ಗೊತ್ತಾದರೆ, ಏನು ಕೇಳಬೇಕು ಅನ್ನುವುದೂ ತಾನಾಗಿ ತಿಳಿಯುತ್ತದೆ.

ಮೊದಲಿಗೆ ಹೆಸರು. ನಮ್ಮಲ್ಲಿ ಕೆಲವರು ಪೈಲೇಟ್ಸ್ ಅನ್ನುತ್ತಾರೆ, ಕೆಲವರು ಪಿಲೇಟ್ಸ್. ಅದು ಒಬ್ಬ ಮನುಷ್ಯನ ಹೆಸರು. ಜೋಸೆಫ್ ಪಿಲಾಟೀಸ್ 1883ರಲ್ಲಿ ಜರ್ಮನಿಯ ಮೊಂಚನ್‌ಗ್ಲಾಡ್‌ಬಾಖ್‌ನಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ತುಂಬ ಕಾಯಿಲೆಯ ಹುಡುಗ. ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನಲ್ಲಿದ್ದರು. ಶತ್ರುದೇಶದವರು ಅಂತ ಬ್ರಿಟಿಷರು ಶಿಬಿರದಲ್ಲಿ ಕೂಡಿಹಾಕಿದರು. 1926ರಲ್ಲಿ ನ್ಯೂಯಾರ್ಕಿಗೆ ಹೋಗಿ, ಎಂಟನೇ ಅವೆನ್ಯೂದಲ್ಲಿ ಸಂಗಾತಿ ಕ್ಲಾರಾ ಜೊತೆ ಸ್ಟುಡಿಯೋ ನಡೆಸಿದರು. ತಮ್ಮ ವ್ಯಾಯಾಮಕ್ಕೆ ಅವರು ಇಟ್ಟ ಹೆಸರು ಕಂಟ್ರಾಲಜಿ. ಜನ ಮಾತ್ರ ಅವರ ಹೆಸರಿನಿಂದಲೇ ಕರೆದರು. ಆ ಸ್ಟುಡಿಯೋಗೆ ಬರುತ್ತಿದ್ದವರಲ್ಲಿ ನೃತ್ಯ ಕಲಾವಿದರೂ ತುಂಬ ಜನ. ಕಾಲು ಉಳುಕಿಸಿಕೊಂಡೋ ಬೆನ್ನು ಹಿಡಿದುಕೊಂಡೋ ಬಂದವರು.

ಇಲ್ಲೊಂದು ತಮಾಷೆ ಇದೆ. ಟೀಚರ್‌ಗಳನ್ನು ತಯಾರು ಮಾಡುವ ಶಾಲೆ ಅಂತ ಏನನ್ನೂ ಜೋಸೆಫ್ ಕಟ್ಟಲಿಲ್ಲ. ನೋಡಿ ಕಲಿ, ಮಾಡಿ ಕಲಿ, ಅಷ್ಟೇ. ನಮ್ಮ ಗರಡಿಮನೆ ಇದ್ದ ಹಾಗೆ. 1967ರಲ್ಲಿ ಅವರು ತೀರಿಕೊಂಡರು. ಅವರಿಂದ ವಿಧಿವತ್ತಾಗಿ ಸರ್ಟಿಫಿಕೇಟ್ ಪಡೆದವರು ಅಂತ ಸಾಮಾನ್ಯವಾಗಿ ಇಬ್ಬರ ಹೆಸರನ್ನಷ್ಟೇ ಹೇಳುತ್ತಾರೆ: ಕ್ಯಾಥ್ಲೀನ್ ಸ್ಟ್ಯಾನ್‌ಫರ್ಡ್ ಗ್ರ್ಯಾಂಟ್ ಮತ್ತು ಲೋಲಿತಾ ಸಾನ್ ಮಿಗೆಲ್. ಇಬ್ಬರೂ ನೃತ್ಯದಿಂದ ಬಂದವರು. ರೊಮಾನಾ ಕ್ರಿಜನೋವ್‌ಸ್ಕಾ, ರಾನ್ ಫ್ಲೆಚರ್, ಈವ್ ಜೆಂಟ್ರಿ ಹೀಗೆ ಮುಂದೆ ಇದನ್ನು ಹರಡಿದ ಶಿಷ್ಯರೆಲ್ಲ ಕಲಿತದ್ದು ಜೊತೆಗಿದ್ದು. ಒಬ್ಬೊಬ್ಬರೂ ತಮ್ಮದೇ ರೀತಿಯಲ್ಲಿ ಕಲಿಸಿದರು. ಅವರ ಶಿಷ್ಯರು ಇನ್ನೂ ಬೇರೆ ಬೇರೆ ರೀತಿಯಲ್ಲಿ.

ಆಮೇಲೆ ಬಂತು ಕೋರ್ಟು. ಅಮೆರಿಕದಲ್ಲಿ ಪಿಲಾಟೀಸ್ ಅನ್ನುವ ಹೆಸರಿಗೆ ಒಬ್ಬರ ಹತ್ತಿರ ಟ್ರೇಡ್‌ಮಾರ್ಕ್ ಇತ್ತು. ಅವರ ಒಪ್ಪಿಗೆ ಇಲ್ಲದೆ ಆ ಪದ ಬಳಸಿದ ಸ್ಟುಡಿಯೋಗಳಿಗೆ ನೋಟಿಸ್ ಹೋಗುತ್ತಿತ್ತು. ಉಪಕರಣ ತಯಾರಿಸುವ ಕಂಪನಿಯೊಂದು ಬಗ್ಗಲಿಲ್ಲ. 2000ದ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ಕೋರ್ಟು ತೀರ್ಪು ಕೊಟ್ಟಿತು. ಯೋಗ, ಕರಾಟೆ ಅನ್ನುವ ಹಾಗೆ ಪಿಲಾಟೀಸ್ ಕೂಡ ಒಂದು ವ್ಯಾಯಾಮ ಪದ್ಧತಿಯ ಹೆಸರು, ಯಾರೊಬ್ಬರ ಸ್ವತ್ತೂ ಅಲ್ಲ ಅಂತ. ತೀರ್ಪು ನ್ಯಾಯವಾದದ್ದೇ. ಆದರೆ ಅವತ್ತಿನಿಂದ ಆ ಹೆಸರಿಗೆ ಕಾವಲಿಲ್ಲ. ಯಾರು ಬೇಕಾದರೂ ಬೋರ್ಡು ಹಾಕಬಹುದು. ಯಾರು ಬೇಕಾದರೂ ಇನ್ನೊಬ್ಬರಿಗೆ ಸರ್ಟಿಫಿಕೇಟ್ ಕೂಡ ಕೊಡಬಹುದು.

ಭಾರತದಲ್ಲೂ ಅದೇ ಸ್ಥಿತಿ. ಪಿಲಾಟೀಸ್ ಕಲಿಸಲು ಇಂಥದ್ದೇ ಓದು ಬೇಕು ಅನ್ನುವ ಕಾನೂನು ನಮ್ಮಲ್ಲಿಲ್ಲ. ಯೋಗಕ್ಕಾದರೆ ಆಯುಷ್ ಮಂತ್ರಾಲಯದ ಕೈಕೆಳಗೆ ಯೋಗ ಸರ್ಟಿಫಿಕೇಷನ್ ಬೋರ್ಡ್ ಅಂತ ಒಂದಿದೆ. ಬೇಕಾದವರು ಅಲ್ಲಿ ಪರೀಕ್ಷೆ ಕಟ್ಟಬಹುದು. ಪಿಲಾಟೀಸಿಗೆ ಅಂಥ ಸರ್ಕಾರಿ ಬೋರ್ಡು ಕೂಡ ಇಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ಡ್ರೈವಿಂಗ್ ಸ್ಕೂಲನ್ನು ನೆನೆಸಿಕೊಳ್ಳಿ. ಇಂತಿಷ್ಟು ದಿನ ಕ್ಲಾಸಿಗೆ ಬಂದರು ಅಂತ ಸ್ಕೂಲಿನವರು ಒಂದು ಕಾಗದ ಕೊಡುತ್ತಾರೆ. ಅದು ಲೈಸೆನ್ಸ್ ಅಲ್ಲ. ಲೈಸೆನ್ಸ್ ಕೊಡುವುದು ಆರ್‌ಟಿಒ. ಕಲಿಸಿದವರೇ ಬೇರೆ, ಪರೀಕ್ಷೆ ಮಾಡುವವರೇ ಬೇರೆ. ಪಿಲಾಟೀಸಿನಲ್ಲಿ ನಮಗೆ ಕಾಣಸಿಗುವ ಹೆಚ್ಚುಕಮ್ಮಿ ಎಲ್ಲ ಸರ್ಟಿಫಿಕೇಟುಗಳೂ ಡ್ರೈವಿಂಗ್ ಸ್ಕೂಲಿನ ಕಾಗದದಂಥವು. ಕಲಿಸಿದವರೇ ಪರೀಕ್ಷೆ ಮಾಡಿ ಸಹಿ ಹಾಕಿರುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಸ್ಕೂಲು ಒಳ್ಳೆಯದಾಗಿದ್ದರೆ ಕಾಗದಕ್ಕೂ ಬೆಲೆ ಇದೆ. ಟೊರಾಂಟೋದಲ್ಲಿ ಹುಟ್ಟಿದ ಸ್ಟಾಟ್, ಕ್ಯಾಲಿಫೋರ್ನಿಯಾದ ಬಾಸಿ ಮತ್ತು ಬ್ಯಾಲೆನ್ಸ್ಡ್ ಬಾಡಿ, ಫಿಸಿಯೋಥೆರಪಿಸ್ಟ್ ಒಬ್ಬರು ಸೇರಿ ಕಟ್ಟಿದ ಪೋಲ್‌ಸ್ಟಾರ್, ಇವೆಲ್ಲ ಹಳೆಯ ಹೆಸರುಗಳು. ಭಾರತದ ಟೀಚರ್‌ಗಳ ಪರಿಚಯದಲ್ಲೂ ಈ ಹೆಸರುಗಳು ಕಣ್ಣಿಗೆ ಬೀಳುತ್ತವೆ.

ಆರ್‌ಟಿಒಗೆ ಹತ್ತಿರವಾದದ್ದು ಒಂದಿದೆ. ಅಮೆರಿಕದ ನ್ಯಾಷನಲ್ ಪಿಲಾಟೀಸ್ ಸರ್ಟಿಫಿಕೇಷನ್ ಪ್ರೋಗ್ರಾಂ. ಇದು ಕೋರ್ಸು ನಡೆಸುವುದಿಲ್ಲ. ಬೇರೆ ಕಡೆ ಪೂರ್ತಿ ತರಬೇತಿ ಮುಗಿಸಿ ಬಂದವರಿಗೆ ಪರೀಕ್ಷೆ ಮಾತ್ರ ಮಾಡುತ್ತದೆ. ಪಾಸಾದವರು ಹೆಸರಿನ ಮುಂದೆ ಎನ್‌ಸಿಪಿಟಿ ಅಂತ ಹಾಕಿಕೊಳ್ಳುತ್ತಾರೆ. ಅದನ್ನು ಉಳಿಸಿಕೊಳ್ಳಲು ಆಗಾಗ ಹೊಸದನ್ನು ಕಲಿಯುತ್ತಲೂ ಇರಬೇಕು. ಯಾರಾದರೂ ಹಾಗೆ ಹಾಕಿಕೊಂಡಿದ್ದರೆ ಅದು ಒಳ್ಳೆಯ ಗುರುತು. ಇಲ್ಲ ಅಂದಮಾತ್ರಕ್ಕೆ ಕೆಟ್ಟ ಟೀಚರ್ ಅಂತಲ್ಲ. ಕಾನೂನು ಕೇಳದ ಪರೀಕ್ಷೆಯನ್ನು ದುಡ್ಡು ಕೊಟ್ಟು ಬರೆಯುವವರು ಎಷ್ಟು ಜನ ಇರುತ್ತಾರೆ ಹೇಳಿ?

ಸರಿ, ಕಾಗದ ಕೈಗೆ ಬಂತು ಅಂತ ಇಟ್ಟುಕೊಳ್ಳಿ. ಮೊದಲು ನೋಡಬೇಕಾದದ್ದು ಸ್ಕೂಲಿನ ಹೆಸರನ್ನಲ್ಲ. ಯಾವುದಕ್ಕೆ ಕೊಟ್ಟ ಸರ್ಟಿಫಿಕೇಟ್ ಅನ್ನುವುದನ್ನು. ಪಿಲಾಟೀಸಿನಲ್ಲಿ ಮ್ಯಾಟ್ ಒಂದು ಲೋಕ. ನೆಲದ ಮೇಲೆ ಚಾಪೆ ಹಾಸಿ ಮಾಡುವುದು. ಜೋಸೆಫ್ ಮೂಲದಲ್ಲಿ ಕೊಟ್ಟ ಮ್ಯಾಟ್ ವ್ಯಾಯಾಮಗಳು 34. ರಿಫಾರ್ಮರ್ ಇನ್ನೊಂದು ಲೋಕ. ಮಂಚದಂಥ ಚೌಕಟ್ಟು, ಅದರ ಮೇಲೆ ಹಿಂದೆ ಮುಂದೆ ಜಾರುವ ಹಲಗೆ, ಎಳೆಯಲು ಸ್ಪ್ರಿಂಗುಗಳು, ಕಾಲಿಗೊಂದು ಅಡ್ಡಕಂಬಿ, ಕೈಗೆ ಪಟ್ಟಿಗಳು. ಇವೆರಡೂ ಅಲ್ಲದೆ ಕ್ಯಾಡಿಲ್ಯಾಕ್, ಚೇರ್, ಬ್ಯಾರೆಲ್ ಅಂತ ಬೇರೆ ಉಪಕರಣಗಳಿವೆ. ಎಲ್ಲವನ್ನೂ ಕಲಿತವರ ಸರ್ಟಿಫಿಕೇಟಿನಲ್ಲಿ ಕಾಂಪ್ರಿಹೆನ್ಸಿವ್ ಅಂತ ಇರುತ್ತದೆ. ಮ್ಯಾಟ್ ಮಾತ್ರ ಕಲಿತವರು ಮ್ಯಾಟ್ ಕಲಿಸಿದರೆ ಏನೂ ತೊಂದರೆ ಇಲ್ಲ. ಮ್ಯಾಟ್ ಕಾಗದ ಗೋಡೆಯ ಮೇಲಿಟ್ಟು ರಿಫಾರ್ಮರ್ ಕ್ಲಾಸು ನಡೆಸುವುದು ಮಾತ್ರ, ಸ್ಕೂಟರ್ ಲೈಸೆನ್ಸ್ ಇಟ್ಟುಕೊಂಡು ಲಾರಿ ಹತ್ತಿದ ಹಾಗೆ.

ಅದೇನು ಅಷ್ಟು ದೊಡ್ಡ ವ್ಯತ್ಯಾಸ ಅಂತ ಅನಿಸಬಹುದು. ನನಗೂ ಅನಿಸಿತ್ತು. ಸ್ಪ್ರಿಂಗಿನ ಲೆಕ್ಕ ಅರ್ಥವಾದ ಮೇಲೆ ಆ ಅನುಮಾನ ಹೋಯಿತು. ರಿಫಾರ್ಮರ್ ಮೇಲೆ ಅಂಗಾತ ಮಲಗಿ ಕಾಲಿನಿಂದ ಕಂಬಿಯನ್ನು ಒತ್ತುತ್ತೀರಿ ಅಂತಿಟ್ಟುಕೊಳ್ಳಿ. ಸ್ಪ್ರಿಂಗ್ ಜಾಸ್ತಿ ಹಾಕಿದಷ್ಟೂ ಕಷ್ಟ. ಇದು ಯಾರಿಗಾದರೂ ಗೊತ್ತಾಗುತ್ತದೆ. ಈಗ ಅದೇ ಯಂತ್ರದ ಮೇಲೆ ಕಂಬಿಗೆ ಕೈ ಊರಿ, ಹಲಗೆಯ ಮೇಲೆ ಕಾಲಿಟ್ಟು, ಮೈಯನ್ನು ನೇರವಾಗಿ ಹಿಡಿಯುವ ಪ್ಲ್ಯಾಂಕ್ ಮಾಡಿ. ಇಲ್ಲಿ ಲೆಕ್ಕ ಉಲ್ಟಾ. ಸ್ಪ್ರಿಂಗ್ ಕಡಿಮೆ ಮಾಡಿದರೆ ಹಲಗೆ ಸರ್ರನೆ ಹಿಂದಕ್ಕೆ ಓಡುತ್ತದೆ. ಅದನ್ನು ತಡೆದು ಹಿಡಿಯಬೇಕಾದ್ದು ನಿಮ್ಮ ಹೊಟ್ಟೆಯ ಸ್ನಾಯುಗಳು. ಅವಕ್ಕೆ ಆಗದಿದ್ದರೆ ಸೊಂಟ ಕುಸಿಯುತ್ತದೆ. 'ನಿಮಗೆ ಕಷ್ಟ ಆದ್ರೆ ಒಂದು ಸ್ಪ್ರಿಂಗ್ ತೆಗೀರಿ' ಅಂತ ಹತ್ತು ಜನರಿಗೂ ಒಟ್ಟಿಗೆ ಕೂಗುವ ಟೀಚರ್ ಇದ್ದರೆ, ಸೊಂಟನೋವಿನವರ ಗತಿ ಏನು? ನನಗೆ ಆದದ್ದು ಇದೇ.

ಇನ್ನೊಂದು ಸಣ್ಣ ವಿಷಯ. ಸ್ಪ್ರಿಂಗುಗಳಿಗೆ ಬಣ್ಣದ ಗುರುತು ಇರುತ್ತದೆ. ಆದರೆ ಒಂದು ಕಂಪನಿಯ ನೀಲಿ, ಇನ್ನೊಂದು ಕಂಪನಿಯ ನೀಲಿಯಷ್ಟೇ ಗಟ್ಟಿ ಇರಬೇಕು ಅಂತೇನಿಲ್ಲ. ಬಣ್ಣ ಬಾಯಿಪಾಠ ಮಾಡಿದವರು ಯಂತ್ರ ಬದಲಾದ ಕೂಡಲೇ ತಡವರಿಸುತ್ತಾರೆ. ಕೈಯಿಂದ ಎಳೆದು ನೋಡಿ ಕಲಿತವರು ತಡವರಿಸುವುದಿಲ್ಲ.

ಎರಡನೆಯದು ಗಂಟೆಗಳ ಲೆಕ್ಕ. ಈ ಕ್ಷೇತ್ರದಲ್ಲಿ ಪೂರ್ತಿ ತರಬೇತಿಗೆ ಸಾಮಾನ್ಯವಾಗಿ ಹೇಳುವ ಅಳತೆ 450 ಗಂಟೆ. ಕೆಲವು ಸ್ಕೂಲುಗಳು 500 ದಾಟುತ್ತವೆ. ಶನಿವಾರ ಆರು ಗಂಟೆ, ಭಾನುವಾರ ಆರು ಗಂಟೆ ಅಂತ ಲೆಕ್ಕ ಹಾಕಿದರೂ 450 ಗಂಟೆಗೆ 38 ವಾರ ಬೇಕು. ಅಂದರೆ ಸುಮಾರು ಒಂಬತ್ತು ತಿಂಗಳು. ಎರಡು ದಿನದ ವರ್ಕ್‌ಶಾಪಿಗೂ ಇದಕ್ಕೂ ಇರುವ ಅಂತರ ಈಗ ಕಾಣುತ್ತದೆ, ಅಲ್ವಾ?

ಆ 450ರಲ್ಲಿ ಕೂತು ಪಾಠ ಕೇಳುವುದು ಒಂದು ಪಾಲು ಮಾತ್ರ. ಉಳಿದದ್ದು ಬೇರೆ ಥರದ ಕಲಿಕೆ. ತಾವೇ ವ್ಯಾಯಾಮ ಮಾಡಿ ಮೈಗೆ ಹತ್ತಿಸಿಕೊಳ್ಳಬೇಕು. ಅನುಭವಿ ಟೀಚರ್ ಕ್ಲಾಸು ಮಾಡುವಾಗ ಮೂಲೆಯಲ್ಲಿ ಕೂತು ನೋಡಬೇಕು. ಕೊನೆಗೆ ನಿಜವಾದ ಜನರಿಗೆ ಕಲಿಸಿ, ತಪ್ಪು ಮಾಡಿ, ಯಾರಾದರೂ ತಿದ್ದಬೇಕು. ನನ್ನ ಪ್ರಕಾರ ಈ ಕೊನೆಯ ಭಾಗವೇ ಮುಖ್ಯ. ಅಂಗರಚನೆ ಪುಸ್ತಕದಲ್ಲೂ ಸಿಗುತ್ತದೆ. ಎದುರಿಗೆ ಮಲಗಿದ ನಲವತ್ತೈದರ ಹೆಂಗಸು ಉಸಿರು ಬಿಗಿಹಿಡಿದು ಕುತ್ತಿಗೆಯಿಂದ ಎಳೆಯುತ್ತಿದ್ದಾಳೆ ಅನ್ನುವುದನ್ನು ಕಾಣುವ ಕಣ್ಣು ಪುಸ್ತಕದಲ್ಲಿ ಸಿಗುವುದಿಲ್ಲ. ಜೂಮ್‌ನಲ್ಲಿ ಸಿಗುವುದೂ ಕಷ್ಟ. ಥಿಯರಿ ಆನ್‌ಲೈನ್ ಕಲಿತರೆ ಅಡ್ಡಿಯಿಲ್ಲ. ಆದರೆ ರಿಫಾರ್ಮರನ್ನು ಪೂರ್ತಿ ವಿಡಿಯೋ ನೋಡಿಯೇ ಕಲಿತೆ ಅನ್ನುವವರ ಕೈಗೆ ನಾನಂತೂ ಬೆನ್ನು ಕೊಡುವುದಿಲ್ಲ.

ಹಾಗಾಗಿ ಎಷ್ಟು ಗಂಟೆ ಅಂತ ಕೇಳಿದ ಮೇಲೆ, ಕೊನೆಯಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ಇತ್ತಾ ಅಂತಲೂ ಕೇಳಬೇಕು. ಬಹಳಷ್ಟು ಕೋರ್ಸುಗಳಲ್ಲಿ ಎರಡು ಕಾಗದ ಇರುತ್ತವೆ. ಒಂದು, ಕೋರ್ಸಿಗೆ ಹಾಜರಿದ್ದರು ಅನ್ನುವುದಕ್ಕೆ. ಇನ್ನೊಂದು, ಬರೆಯುವ ಪರೀಕ್ಷೆ ಮತ್ತು ಕಲಿಸಿ ತೋರಿಸುವ ಪರೀಕ್ಷೆ ಎರಡರಲ್ಲೂ ಪಾಸಾದರು ಅನ್ನುವುದಕ್ಕೆ. ಹಾಜರಿ ಕಾಗದವನ್ನೇ ಫ್ರೇಮ್ ಹಾಕಿಸಿದವರು ಬೇಕಾದಷ್ಟು ಜನ. ಹಾಗೇ 'ಇಂಟರ್‌ನ್ಯಾಷನಲ್ ಸರ್ಟಿಫೈಡ್' ಅನ್ನುವ ಮಾತು. ಕೋರ್ಸು ಕೊಟ್ಟ ಕಂಪನಿಯ ಆಫೀಸು ಹೊರದೇಶದಲ್ಲಿದೆ ಅನ್ನುವುದನ್ನು ಬಿಟ್ಟರೆ ಅದು ಬೇರೇನೂ ಹೇಳುವುದಿಲ್ಲ. 'ಸೆಲೆಬ್ರಿಟಿ ಟ್ರೈನರ್' ಅನ್ನುವುದಂತೂ ಸುಮ್ನೆ ಒಂದು ಫೋಟೋದ ವಿವರಣೆ.

ಕ್ಲಾಸಿಕಲ್, ಕಂಟೆಂಪರರಿ ಅನ್ನುವ ಎರಡು ಪದ ಕೇಳಿ ತಲೆ ಕೆಡಿಸಿಕೊಳ್ಳಬೇಡಿ. ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟು ಇದ್ದ ಹಾಗೆ ಅವು. ಕ್ಲಾಸಿಕಲ್‌ನವರು ಜೋಸೆಫ್ ಹಾಕಿಕೊಟ್ಟ ಕ್ರಮವನ್ನೇ ಆದಷ್ಟು ಹಾಗೇ ಉಳಿಸಿಕೊಂಡಿದ್ದಾರೆ. ಕಂಟೆಂಪರರಿಯವರು ಈಗಿನ ಫಿಸಿಯೋಥೆರಪಿ ತಿಳಿವಳಿಕೆ ಸೇರಿಸಿ ಬದಲಾಯಿಸಿದ್ದಾರೆ. ಯಾವುದು ಮೇಲು ಅಂತ ಜಗಳ ನಡೆಯುತ್ತಲೇ ಇದೆ. ಹೊಸಬರಿಗೆ ಆ ಜಗಳದಲ್ಲಿ ಕೆಲಸ ಇಲ್ಲ. ನಿಮ್ಮ ಗುರು ಯಾರು, ಅವರು ಯಾರಿಂದ ಕಲಿತರು ಅಂತ ಕೇಳಿದರೆ ಮಾತ್ರ ಒಂದಿಷ್ಟು ತಿಳಿಯುತ್ತದೆ. ಮನಸ್ಸಿಟ್ಟು ಕಲಿತವರು ಆ ಪ್ರಶ್ನೆಗೆ ಖುಷಿಯಿಂದ ಅರ್ಧ ಗಂಟೆ ಮಾತಾಡುತ್ತಾರೆ.

ನಮ್ಮ ಕಡೆ ಇನ್ನೆರಡು ಗೊಂದಲ ಇವೆ. ಒಂದು ಯೋಗದವರದು. ಮೈಸೂರಿನ ಗೋಕುಲಂಗೆ ಅಷ್ಟಾಂಗ ಕಲಿಯಲು ದೇಶದೇಶಗಳಿಂದ ಜನ ಬರುತ್ತಾರೆ. ಯೋಗ ಟೀಚರ್‌ಗಳಿಗೆ ನಮ್ಮಲ್ಲಿ ಬರವಿಲ್ಲ. ಅವರಲ್ಲಿ ಕೆಲವರು ಈಗ ಪಿಲಾಟೀಸನ್ನೂ ಸೇರಿಸಿಕೊಂಡಿದ್ದಾರೆ. ಮೈಯನ್ನು ನೋಡುವ ಅಭ್ಯಾಸ ಅವರಿಗೆ ಇರುತ್ತದೆ, ಅದು ಒಳ್ಳೆಯದೇ. ಆದರೆ ಯೋಗದ 200 ಗಂಟೆ ಪಿಲಾಟೀಸಿನ ಲೆಕ್ಕಕ್ಕೆ ಬರುವುದಿಲ್ಲ. ಎರಡನೆಯದು ಫಿಸಿಯೋಗಳದು. ಕ್ಲಿನಿಕಲ್ ಪಿಲಾಟೀಸ್ ಅನ್ನುವ ಬೋರ್ಡು ನೋಡಿರುತ್ತೀರಿ. ಆಸ್ಟ್ರೇಲಿಯಾ, ಇಂಗ್ಲೆಂಡಿನ ಕಡೆ ಫಿಸಿಯೋಥೆರಪಿಸ್ಟರು ಪಿಲಾಟೀಸನ್ನು ಚಿಕಿತ್ಸೆಗೆ ಒಗ್ಗಿಸಿಕೊಂಡಾಗ ಚಾಲ್ತಿಗೆ ಬಂದ ಮಾತು ಅದು. ನಾಲ್ಕೂವರೆ ವರ್ಷ ಬಿಪಿಟಿ (ಫಿಸಿಯೋಥೆರಪಿ ಪದವಿ) ಓದಿದವರಿಗೆ ನಿಮ್ಮ ಡಿಸ್ಕಿನ ಬಗ್ಗೆ ಪಿಲಾಟೀಸ್ ಟೀಚರ್‌ಗಿಂತ ಚೆನ್ನಾಗಿ ಗೊತ್ತು. ಆದರೆ ಅವರಲ್ಲಿ ಕೆಲವರು ಪಿಲಾಟೀಸ್ ಕಲಿತದ್ದು ಒಂದೇ ವಾರಾಂತ್ಯ. ನೋವು ಇನ್ನೂ ಹಸಿಯಾಗಿದ್ದರೆ ಫಿಸಿಯೋ ಹತ್ತಿರವೇ ಹೋಗಿ. ನೋವು ಇಳಿದು, ಮೈ ಗಟ್ಟಿ ಮಾಡಿಕೊಳ್ಳಬೇಕು ಅನ್ನುವ ಹಂತ ಬಂದಾಗ, ಪೂರ್ತಿ ತರಬೇತಿ ಆದ ಪಿಲಾಟೀಸ್ ಟೀಚರ್ ಸಾಕು. ಇಬ್ಬರೂ ಒಬ್ಬರ ಜೊತೆ ಒಬ್ಬರು ಫೋನಿನಲ್ಲಿ ಮಾತಾಡುವಂತಿದ್ದರೆ ನಿಮ್ಮ ಪುಣ್ಯ.

ಲಂಡನ್ನಿನಲ್ಲೋ ಮೆಲ್ಬರ್ನಿನಲ್ಲೋ ಇರುವ ನಮ್ಮವರಿಗೆ ಕೆಲಸ ಸ್ವಲ್ಪ ಸುಲಭ. ಬ್ರಿಟನ್ನಿನಲ್ಲಿ ಲೆವೆಲ್ 3 ಅನ್ನುವ ಮಟ್ಟದ ಪಿಲಾಟೀಸ್ ಅರ್ಹತೆ ಇದೆ, ಅದನ್ನು ಕೇಳಬಹುದು. ಆಸ್ಟ್ರೇಲಿಯಾದಲ್ಲಿ ಪಿಲಾಟೀಸ್ ಕಲಿಸುವುದಕ್ಕೇ ಡಿಪ್ಲೊಮಾ ಇದೆ. ಅಲ್ಲೂ ಬರೀ ಬೋರ್ಡು ನಂಬುವ ಹಾಗಿಲ್ಲ. ಕೇಳಿದರೆ ಹೇಳಲು ಒಂದು ಮಟ್ಟ ಇದೆ ಅನ್ನುವುದಷ್ಟೇ ಅನುಕೂಲ.

ಕಾಗದದಲ್ಲಿ ಬರೆಯದ ಒಂದು ಅರ್ಹತೆಯನ್ನು ಮಾತ್ರ ಎದುರಿಗೇ ಪರೀಕ್ಷಿಸಬೇಕು. ನಿಮ್ಮ ಆರೋಗ್ಯದ ಬಗ್ಗೆ ಅವರು ಏನು ಕೇಳುತ್ತಾರೆ, ಕೇಳಿ ಏನು ಮಾಡುತ್ತಾರೆ ಅನ್ನುವುದು. ಫಾರಂ ತುಂಬಿಸಿಕೊಂಡು ಡ್ರಾಯರಿಗೆ ಹಾಕಿದರೆ ಸಾಲದು. ನಿಮ್ಮ ಅಮ್ಮನಿಗೆ ಮೂಳೆ ಟೊಳ್ಳಾಗಿದೆ, ಆಸ್ಟಿಯೊಪೊರೋಸಿಸ್ ಇದೆ ಅಂತ ಹೇಳಿ ನೋಡಿ. ಕಲಿತ ಟೀಚರ್ ತಕ್ಷಣ ಬೆನ್ನು ಗುಂಡಗೆ ಬಾಗಿಸುವ ವ್ಯಾಯಾಮಗಳನ್ನು ಪಟ್ಟಿಯಿಂದ ತೆಗೆಯುತ್ತಾರೆ. ಮಲಗಿದಲ್ಲಿಂದ ಸುರುಳಿಯಂತೆ ಏಳುವ ರೋಲ್ ಅಪ್, ಚೆಂಡಿನಂತೆ ಉರುಳುವುದು, ಇಂಥವನ್ನು. ಟೊಳ್ಳಾದ ಬೆನ್ನುಮೂಳೆಯನ್ನು ಭಾರ ಹಾಕಿ ಮುಂದಕ್ಕೆ ಬಗ್ಗಿಸಿದರೆ ಅದು ಬಿರುಕು ಬಿಡುವ ಅಪಾಯ ಇದೆ. ಆದರೆ ಮ್ಯಾಟ್ ಪಿಲಾಟೀಸಿನ ಮೂಲ ಕ್ರಮದಲ್ಲಿ ಇಂಥ ಬಾಗುವಿಕೆಯೇ ಜಾಸ್ತಿ. ಅಂದರೆ ಪಟ್ಟಿ ಬಾಯಿಪಾಠ ಇದ್ದವರ ಕೈಯಲ್ಲಿ ಅಮ್ಮನಿಗೆ ಅಪಾಯ. ಬಸುರಿಯಾದರೆ ದಿನ ತುಂಬುತ್ತಾ ಬಂದಂತೆ ತುಂಬ ಹೊತ್ತು ಅಂಗಾತ ಮಲಗಿಸಬಾರದು. ಕಣ್ಣಿನೊಳಗಿನ ಒತ್ತಡ ಜಾಸ್ತಿ ಇದ್ದವರಿಗೆ (ಗ್ಲಾಕೋಮಾದಂಥದ್ದು) ತಲೆ ಕೆಳಗಾಗುವ ಭಂಗಿ ಬೇಡ. ಇವನ್ನೆಲ್ಲ ನೀವು ನೆನಪಿಟ್ಟುಕೊಳ್ಳಬೇಕಿಲ್ಲ. ನೀವು ಹೇಳಿದ ಕೂಡಲೇ ಅವರ ಯೋಜನೆ ಬದಲಾಯಿತಾ ಅಂತ ಮಾತ್ರ ನೋಡಿ.

ಕೇಳುವುದು ಹೇಗೆ ಅನ್ನುವುದೂ ಒಂದು ಸಮಸ್ಯೆ. ಕಲಿಸುವವರನ್ನು ಪ್ರಶ್ನೆ ಮಾಡುವುದು ನಮಗೆ ಮುಜುಗರ. ನಾನು ವಾಟ್ಸಾಪಿನಲ್ಲಿ ಹೀಗೆ ಕಳಿಸಿದೆ: 'ನಮಸ್ತೆ ಮೇಡಂ. ನೀವು ಕಲಿತದ್ದು ಯಾವ ಸ್ಕೂಲಿನಲ್ಲಿ? ಮ್ಯಾಟ್ ಮಾತ್ರವಾ, ರಿಫಾರ್ಮರ್ ಕೂಡನಾ? ಒಟ್ಟು ಎಷ್ಟು ಗಂಟೆ? ನನಗೆ ಸೊಂಟನೋವು ಇತ್ತು, ಅದಕ್ಕೆ ಕೇಳ್ತಿದ್ದೀನಿ.' ಕೊನೆಯ ವಾಕ್ಯ ಸೇರಿಸಿದ್ದರಿಂದ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಮೂರು ಕಡೆ ಕಳಿಸಿದ್ದೆ. ಒಂದು ಕಡೆಯಿಂದ ಫೀಸಿನ ಪಟ್ಟಿ ಮಾತ್ರ ಬಂತು. ಇನ್ನೊಂದು ಕಡೆಯವರು, ನಮ್ಮ ಸ್ಟುಡಿಯೋ ಒಡತಿ ಕಾಂಪ್ರಿಹೆನ್ಸಿವ್ ಮಾಡಿದ್ದಾರೆ ಅಂದರು. ಬೆಳಗಿನ ಕ್ಲಾಸು ಅವರೇ ತೆಗೆದುಕೊಳ್ಳುತ್ತಾರಾ ಅಂತ ಕೇಳಿದೆ. ಇಲ್ಲವಂತೆ. ಇದನ್ನು ಕೇಳಲು ಮರೆಯಬೇಡಿ. ಎಷ್ಟೋ ಕಡೆ ಸರ್ಟಿಫಿಕೇಟ್ ಇರುವವರು ಒಬ್ಬರು, ಕಲಿಸುವವರು ಇನ್ನೊಬ್ಬರು. ಇನ್ನೂ ಕಲಿಯುತ್ತಿರುವ ಹುಡುಗಿಯೊಬ್ಬಳು ಅದನ್ನು ಬಾಯಿಬಿಟ್ಟು ಹೇಳಿ, ಹಿರಿಯ ಟೀಚರ್ ಕಣ್ಣೆದುರಿಗೆ ಕಡಿಮೆ ಫೀಸಿಗೆ ಕಲಿಸಿದರೆ ನಾನು ಸಂತೋಷವಾಗಿ ಹೋಗುತ್ತೇನೆ. ಹೇಳದೆ ಕಲಿಸಿದರೆ ಹೋಗುವುದಿಲ್ಲ.

ಹೆಸರನ್ನು ಪರೀಕ್ಷಿಸುವುದು ಕಷ್ಟವೇನಲ್ಲ. ದೊಡ್ಡ ಸ್ಕೂಲುಗಳಲ್ಲಿ ಹಲವು ತಮ್ಮ ವೆಬ್‌ಸೈಟಿನಲ್ಲಿ ಟೀಚರ್‌ಗಳನ್ನು ಹುಡುಕಲು ಅವಕಾಶ ಕೊಡುತ್ತವೆ. ಅಲ್ಲಿ ಸಿಗದಿದ್ದರೆ ಸ್ಕೂಲಿಗೇ ಒಂದು ಇಮೇಲ್ ಹಾಕಬಹುದು.

ಮೂರನೆಯವರು ಫೋನ್ ಮಾಡಿದರು. ಎಂಆರ್‌ಐ ರಿಪೋರ್ಟ್ ಇದ್ದರೆ ತನ್ನಿ, ಮೊದಲ ದಿನ ಗ್ರೂಪ್ ಕ್ಲಾಸಿಗೆ ಬೇಡ, ಒಬ್ಬರೇ ಬನ್ನಿ ಅಂದರು. ಹೋದೆ. ನಡೆಸಿ ನೋಡಿದರು, ಬಗ್ಗಿಸಿ ನೋಡಿದರು. ರಿಪೋರ್ಟಿನಲ್ಲಿದ್ದ ಒಂದು ಸಾಲು ತೋರಿಸಿ ಇದರ ಅರ್ಥ ಏನು ಅಂತ ಕೇಳಿದಾಗ, 'ಅದನ್ನ ನಾನು ಹೇಳಬಾರದು, ನಿಮ್ಮ ಫಿಸಿಯೋ ನಂಬರ್ ಕೊಡಿ, ಕೇಳ್ತೀನಿ' ಅಂದರು. ಗೋಡೆಯ ಮೇಲೆ ಒಂದು ಗಡಿಯಾರ ಬಿಟ್ಟು ಏನೂ ಇರಲಿಲ್ಲ. ಸರ್ಟಿಫಿಕೇಟ್ ತೋರಿಸ್ತೀರಾ ಅಂದೆ. ನಕ್ಕು, ನನ್ನನ್ನು ರಿಫಾರ್ಮರ್ ಮೇಲೆ ಮಲಗಲು ಹೇಳಿ, ಮೊಬೈಲಿನಲ್ಲಿ ಹುಡುಕಲು ಶುರು ಮಾಡಿದರು. ಹಳೆಯ ಇಮೇಲುಗಳ ನಡುವೆ ಅದು ಸಿಗಲು ಐದು ನಿಮಿಷ ಹಿಡಿಯಿತು. ಅಷ್ಟರಲ್ಲಿ ನನ್ನ ಎಡಭುಜ ಕಿವಿಯ ಹತ್ತಿರ ಹೋಗುತ್ತಿದೆ ಅಂತ ಎರಡು ಸಲ ಹೇಳಿಯಾಗಿತ್ತು.